ಅಪಾಯದ ದೇಶಗಳಿಗೆ ಹೋಗುವವರಿಗೆ ಎರಡು ದಿನದ ತರಬೇತಿ: ಹೋಗಿ, ಆದರೆ ಮನೆಯವರನ್ನೂ ಕರೆದುಕೊಂಡು ಹೋಗಿ

ಮೊದಲೇ ಹೇಳಿಬಿಡುತ್ತೇನೆ. ಇರಾಕ್, ಲಿಬಿಯಾ, ನೈಜೀರಿಯಾ, ದಕ್ಷಿಣ ಸುಡಾನ್ ಇಂಥ ಕಡೆ ಕೆಲಸಕ್ಕೋ ಓದುವುದಕ್ಕೋ ಹೊರಟಿದ್ದರೆ, ಗಾಯ, ಚೆಕ್‌ಪೋಸ್ಟ್, ಅಪಹರಣ ಎದುರಾದರೆ ಏನು ಮಾಡಬೇಕು ಅಂತ ಕಲಿಸುವ ಈ ತರಬೇತಿಗೆ ಖಂಡಿತ ಹೋಗಿ. ಒಬ್ಬರೇ ಹೋಗಬೇಡಿ. ಮನೆಯಿಂದ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರಿಗೆ ಅಂತಲೇ ಅರ್ಧ ದಿನದ ತರಗತಿ ಇದೆ, ಅದಕ್ಕೆ ಬೇರೆ ದುಡ್ಡು ಕೊಡಬೇಕಾಗಿಲ್ಲ. ತರಬೇತಿ ಕೊಡುವವರ ಜಾಹೀರಾತು ನೋಡಿದರೆ ಬರೀ ಹೊಗೆ, ಓಡುವವರು, ಹೆಲ್ಮೆಟ್ ಹಾಕಿಕೊಂಡವರ ಫೋಟೊ. ಮನೆಯವರ ತರಗತಿ ಬಗ್ಗೆ ಕೊನೆಯಲ್ಲಿ ಒಂದು ಸಾಲು ಇದೆ ಅಷ್ಟೆ. ನನ್ನ ಪ್ರಕಾರ ಕೊಟ್ಟ ದುಡ್ಡಿಗೆ ಬೆಲೆ ಬಂದಿದ್ದು ಅಲ್ಲೇ.

ನಾನು ಆಸ್ಪತ್ರೆಗಳಲ್ಲಿ ಸ್ಕ್ಯಾನಿಂಗ್ ಯಂತ್ರ ಕೂರಿಸುವ, ರಿಪೇರಿ ಮಾಡುವ ಕೆಲಸದಲ್ಲಿದ್ದೇನೆ. ಆಫೀಸು ಪೀಣ್ಯದಲ್ಲಿ. ಯಂತ್ರ ಎಲ್ಲಿಗೆ ಹೋಗುತ್ತೋ ಅಲ್ಲಿಗೆ ನಾವೂ ಹೋಗಬೇಕು, ಇರಾಕಿನ ಬಾಸ್ರಾ ಆದರೂ ಸರಿ, ದಕ್ಷಿಣ ಸುಡಾನಿನ ಜೂಬಾ ಆದರೂ ಸರಿ. ಹೆಣ್ಣುಮಗಳು ಒಬ್ಬಳೇ ಅಲ್ಲಿಗೆಲ್ಲ ಯಾಕೆ ಅಂತ ಮನೆಯಲ್ಲಿ ಕೇಳುತ್ತಾರೆ. ಇಡೀ ಊರಿಗೆ ಒಂದೇ ಯಂತ್ರ ಇದ್ದು, ಅದೂ ಕೆಟ್ಟು ನಿಂತು, ಹೊರಗೆ ಬೆಂಚಿನ ಮೇಲೆ ರೋಗಿಗಳು ಕಾಯುತ್ತಾ ಕೂತಿರುವುದನ್ನು ನಾನು ನೋಡಿದ್ದೇನೆ, ಹಾಗಾಗಿ ಹೋಗುತ್ತೇನೆ. ಹೋಗಲೇಬೇಕು ಅಂದಮೇಲೆ ಸರಿಯಾಗಿ ತಯಾರಾಗೋಣ ಅಂತ ತಮ್ಮನನ್ನೂ ಎಳೆದುಕೊಂಡು ಸೇರಿದೆ.

ತಲೆಗೆ 18,000 ರೂಪಾಯಿ, ಜಿಎಸ್‌ಟಿ ಬೇರೆ. ಊಟ, ಕಾಫಿ ಅದರಲ್ಲೇ ಬಂತು. ಮೊದಲ ದಿನ ಜಯನಗರದ ಒಂದು ಹಾಲ್‌ನಲ್ಲಿ, ಎರಡನೇ ದಿನ ಕನಕಪುರ ರಸ್ತೆಯಲ್ಲಿ ಹಾರೋಹಳ್ಳಿ ಹತ್ತಿರದ ಒಂದು ತೋಟದಲ್ಲಿ. ಗಾಡಿ ಇಲ್ಲದವರು ಹಸಿರು ಮಾರ್ಗದ ಮೆಟ್ರೊ ಹಿಡಿದು ರೇಷ್ಮೆ ಸಂಸ್ಥೆ ನಿಲ್ದಾಣದಲ್ಲಿ ಇಳಿದರೆ ಇವರ ಟಿಟಿ (ಟೆಂಪೊ ಟ್ರಾವೆಲರ್) ಬಂದು ಕರೆದುಕೊಂಡು ಹೋಗುತ್ತದೆ.

ಮೊದಲ ದಿನ ಬೆಳಿಗ್ಗೆ ಪೂರ್ತಿ ರಕ್ತ ನಿಲ್ಲಿಸುವುದನ್ನೇ ಕಲಿಸುತ್ತಾರೆ. ಇದನ್ನು ಬಹಳ ಚೆನ್ನಾಗಿ ಮಾಡುತ್ತಾರೆ. ತೊಡೆಯ ದೊಡ್ಡ ರಕ್ತನಾಳ ತುಂಡಾದರೆ ಮನುಷ್ಯ ಕೆಲವೇ ನಿಮಿಷದಲ್ಲಿ ಸಾಯಬಹುದು, ಆಂಬುಲೆನ್ಸ್ ಬರುವವರೆಗೆ ಕಾಯುವ ಮಾತೇ ಇಲ್ಲ. ಅದಕ್ಕೇ ಉಸಿರಾಟ ನೋಡುವುದಕ್ಕಿಂತ ಮೊದಲು ಜೋರಾಗಿ ಹರಿಯುತ್ತಿರುವ ರಕ್ತ ನಿಲ್ಲಿಸಿ ಅನ್ನುವುದು ಇಲ್ಲಿನ ಕ್ರಮ. ಕೈಕಾಲಿಗೆ ಬಿಗಿಯುವ ಟೂರ್ನಿಕೆಟ್ ಪಟ್ಟಿಯನ್ನು ಗಾಯದಿಂದ ಐದಾರು ಸೆಂಟಿಮೀಟರ್ ಮೇಲೆ ಹಾಕಬೇಕು, ಮೊಣಕಾಲು ಮೊಣಕೈ ಕೀಲಿನ ಮೇಲೆ ಹಾಕಬಾರದು, ರಕ್ತ ನಿಲ್ಲುವವರೆಗೂ ಅದರ ಕಡ್ಡಿಯನ್ನು ತಿರುಗಿಸುತ್ತಲೇ ಇರಬೇಕು, ಗಾಯಾಳು ನೋವು ಅಂತ ಕಿರುಚಿದರೂ ಬಿಡಬಾರದು. ಹಾಕಿದ ಸಮಯವನ್ನು ಪಟ್ಟಿಯ ಮೇಲೇ ಬರೆಯಬೇಕು. ಆಮೇಲೆ ಡಾಕ್ಟರ್ ಬಿಚ್ಚಬೇಕೇ ಹೊರತು ನಾವು ಮಧ್ಯೆ ಮಧ್ಯೆ ಸಡಿಲ ಮಾಡಬಾರದು. ತೊಡೆಸಂದು, ಕಂಕುಳು ಇಂಥ ಕಡೆ ಪಟ್ಟಿ ಹಾಕೋಕೆ ಆಗಲ್ಲ, ಅಲ್ಲಿ ಗಾಯದ ಒಳಗೇ ಗಾಜ್ ಬಟ್ಟೆ ತುಂಬಿ ಮೈಭಾರ ಹಾಕಿ ಒತ್ತಬೇಕು.

ಇದೆಲ್ಲ ವೀಡಿಯೊದಲ್ಲೂ ಸಿಗುತ್ತೆ ಅಲ್ವಾ ಅಂತ ಕೇಳಬಹುದು. ಸಿಗುತ್ತದೆ. ಆದರೆ ಇಲ್ಲಿ ಒಬ್ಬರ ಪ್ಯಾಂಟಿನೊಳಗೆ ಪೈಪ್ ಇಟ್ಟು, ಕೆಂಪು ನೀರು ಪಂಪ್ ಮಾಡಿ, ದೀಪ ಆರಿಸಿ, ಪಕ್ಕದಲ್ಲಿ ಜೋರಾಗಿ ಸದ್ದು ಹಾಕಿ ಆಗ ಮಾಡು ಅನ್ನುತ್ತಾರೆ. ಕೈ ಜಾರುತ್ತೆ, ಪಟ್ಟಿ ತಿರುಚಿಕೊಳ್ಳುತ್ತೆ, ಉಸಿರು ಮೇಲೆ ಬರುತ್ತೆ. ಎಲ್ಲರಿಗೂ ಸರಿಯಾಗಿ ಬರುವವರೆಗೂ ತರಬೇತಿ ಕೊಡುವವರು ಬಿಡಲಿಲ್ಲ. ಒಂದು ಕೈಯಲ್ಲಿ ನಮಗೆ ನಾವೇ ಹಾಕಿಕೊಳ್ಳುವುದನ್ನೂ ಮಾಡಿಸಿದರು. ಆಮೇಲೆ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಒಂದು ನಕಲಿ ಪಟ್ಟಿ ತೆಗೆದು ನಮ್ಮ ಕೈಗೇ ಕೊಟ್ಟರು. ತಿರುಗಿಸುತ್ತಿದ್ದ ಹಾಗೇ ಪ್ಲಾಸ್ಟಿಕ್ ಕಡ್ಡಿ ಲಟಕ್ ಅಂತ ಮುರಿಯಿತು. ಕಿಟ್ ಕೊಳ್ಳುವಾಗ ಎಲ್ಲಿ ಬೇಕಾದರೂ ದುಡ್ಡು ಉಳಿಸಿ, ಇದರಲ್ಲಿ ಮಾತ್ರ ಬೇಡ.

ಎರಡನೇ ದಿನ ತೋಟದಲ್ಲಿ ಚೆಕ್‌ಪೋಸ್ಟ್ ಪಾಠ. ಇದು ನನಗೆ ಜಾಸ್ತಿ ಹಿಡಿಸಿತು, ಯಾಕೆಂದರೆ ನಮ್ಮಂಥವರಿಗೆ ಬಾಂಬಿಗಿಂತ ಚೆಕ್‌ಪೋಸ್ಟ್ ಎದುರಾಗುವುದೇ ಹೆಚ್ಚು. ದೂರದಿಂದಲೇ ನಿಧಾನ ಮಾಡಿ. ರಾತ್ರಿಯಾದರೆ ಹೆಡ್‌ಲೈಟ್ ತಗ್ಗಿಸಿ, ಕಾರಿನೊಳಗಿನ ದೀಪ ಹಾಕಿ. ಕಪ್ಪು ಕನ್ನಡಕ ತೆಗೆಯಿರಿ. ಕೈ ಎರಡೂ ಕಾಣುವ ಹಾಗಿರಲಿ. ಪಾಸ್‌ಪೋರ್ಟ್ ಕೇಳಿದರೆ ಎಲ್ಲಿದೆ ಅಂತ ಮೊದಲು ಬಾಯಲ್ಲಿ ಹೇಳಿ, ಆಮೇಲೆ ನಿಧಾನಕ್ಕೆ ಬ್ಯಾಗಿಗೆ ಕೈ ಹಾಕಿ. ಫೋನ್ ಕೈಯಲ್ಲಿ ಇರಲೇಬಾರದು, ಫೋಟೊ ತೆಗೆಯುತ್ತಿದ್ದಾರೆ ಅಂತ ಅನುಮಾನ ಬಂದರೆ ಸಾಕು, ಕತೆ ಬೇರೆಯಾಗುತ್ತದೆ. ಮಾತು ಡ್ರೈವರ್ ಆಡಲಿ, ಉಳಿದವರು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಲಿ.

ಇಲ್ಲಿ ಅವರು 2015ರ ಲಿಬಿಯಾದ ಘಟನೆ ಹೇಳಿದರು. ಸಿರ್ತ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ನಾಲ್ವರು ಭಾರತೀಯರು ಊರಿಗೆ ಬರೋಣ ಅಂತ ಹೊರಟಿದ್ದಾಗ ಜುಲೈ ಕೊನೆಯಲ್ಲಿ ಒಂದು ಚೆಕ್‌ಪೋಸ್ಟಿನಲ್ಲಿ ಅವರನ್ನು ಹಿಡಿದುಕೊಂಡು ಹೋದರು. ಅವರಲ್ಲಿ ಇಬ್ಬರು ನಮ್ಮ ಕರ್ನಾಟಕದವರು, ಒಬ್ಬರು ರಾಯಚೂರು ಕಡೆ, ಇನ್ನೊಬ್ಬರು ಕೋಲಾರದ ಕಡೆಯವರು. ಆ ಇಬ್ಬರನ್ನು ಎರಡೇ ದಿನದಲ್ಲಿ ಬಿಟ್ಟರು. ಉಳಿದ ಇಬ್ಬರು ಹೊರಗೆ ಬಂದಿದ್ದು 2016ರ ಸೆಪ್ಟೆಂಬರ್‌ನಲ್ಲಿ, ಅಂದರೆ ಒಂದು ವರ್ಷದ ಮೇಲೆ. ಆ ನಾಲ್ವರೂ ಹೊರಟಿದ್ದು ಮನೆಗೆ ಅನ್ನುವುದು ನನ್ನ ತಲೆಯಿಂದ ಇನ್ನೂ ಹೋಗಿಲ್ಲ.

ಅಪಹರಣದ ಪಾಠದಲ್ಲಿ ತಲೆಗೆ ಮುಸುಕು ಹಾಕಿ ಸ್ವಲ್ಪ ಹೊತ್ತು ಕೂರಿಸುತ್ತಾರೆ. ಬೇಡ ಅಂದವರಿಗೆ ಒತ್ತಾಯ ಇಲ್ಲ, ಕೈ ಎತ್ತಿದರೆ ತಕ್ಷಣ ಹೊರಗೆ ಕರೆದುಕೊಂಡು ಬರುತ್ತಾರೆ. ನಮ್ಮ ತಂಡದಲ್ಲಿ ಒಬ್ಬರು ನರ್ಸ್ ಬೇಡ ಅಂದರು, ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ, ಇದು ನನಗೆ ಇಷ್ಟವಾಯಿತು. ಹಿಡಿದ ಮೊದಲ ಕೆಲವು ನಿಮಿಷ ಮತ್ತು ಬಿಡಿಸಲು ಸೈನಿಕರು ನುಗ್ಗುವ ಹೊತ್ತು, ಇವೆರಡೇ ಅತಿ ಹೆಚ್ಚು ಅಪಾಯದ ಗಳಿಗೆಗಳು ಅಂತ ಹೇಳಿಕೊಟ್ಟರು. ಸೈನಿಕರು ಬಂದಾಗ ಎದ್ದು ಓಡಬಾರದು. ನೆಲಕ್ಕೆ ಮಲಗಿ, ಖಾಲಿ ಕೈ ಕಾಣಿಸುವ ಹಾಗೆ ಇಟ್ಟು, ಅವರು ಹೇಳಿದ ಹಾಗೆ ಕೇಳಬೇಕು.

ಗುಂಡು ಹಾರುವಾಗ ಎಲ್ಲಿ ಅಡಗಬೇಕು ಅನ್ನುವುದು ಚಿಕ್ಕ ಪಾಠ, ಆದರೆ ಮುಖ್ಯ. ಕಾರಿನ ಬಾಗಿಲು ಗುಂಡು ತಡೆಯುವುದಿಲ್ಲ. ಎಂಜಿನ್ ಇರುವ ಭಾಗ, ಚಕ್ರದ ಹಿಂದೆ, ದಪ್ಪ ಕಾಂಕ್ರೀಟ್ ಗೋಡೆ, ಇವು ಸ್ವಲ್ಪ ಆಸರೆ. ಮನೆಯೊಳಗೆ ಇದ್ದರೆ ನಿಮಗೂ ಬೀದಿಗೂ ನಡುವೆ ಎರಡು ಗೋಡೆ ಇರಬೇಕು, ಕಿಟಕಿ ಇಲ್ಲದ ಬಚ್ಚಲು ಅಥವಾ ಪ್ಯಾಸೇಜು ಒಳ್ಳೆಯದು. ನೆಲಬಾಂಬಿನ ಬಗ್ಗೆಯೂ ಹೇಳುತ್ತಾರೆ. ಡಾಂಬರು ಬಿಟ್ಟು ಇಳಿಯಬೇಡಿ, ಮೂತ್ರಕ್ಕೆ ಕೂಡ. ಕೆಂಪು ಬಣ್ಣ ಬಳಿದ ಕಲ್ಲು, ತಲೆಬುರುಡೆ ಬೋರ್ಡ್ ಕಂಡರೆ ಅಲ್ಲೇ ನಿಲ್ಲಿ. ಒಳಗೆ ಬಂದುಬಿಟ್ಟಿದ್ದೀರಿ ಅಂತ ಗೊತ್ತಾದರೆ ಒಂದು ಹೆಜ್ಜೆಯನ್ನೂ ಇಡದೆ ಸಹಾಯಕ್ಕೆ ಕೂಗಿ. ಯಾರೂ ಬರುವ ಹಾಗಿಲ್ಲ ಅಂದಾಗ ಮಾತ್ರ ನಿಮ್ಮ ಹೆಜ್ಜೆ ಗುರುತಿನ ಮೇಲೇ ಕಾಲಿಟ್ಟು ವಾಪಸ್ ಬರಬೇಕು.

ಇನ್ನು ಮನೆಯವರ ತರಗತಿ. ಎರಡನೇ ದಿನ ಊಟ ಆದಮೇಲೆ ಮಾವಿನ ಮರದ ಕೆಳಗೆ ಜೋಡಿ ಜೋಡಿಯಾಗಿ ಕೂರಿಸಿದರು. ಒಬ್ಬರು ಗಂಡ ಹೆಂಡತಿ, ಒಂದು ಅಪ್ಪ ಮಗಳು, ನಾನು ನನ್ನ ತಮ್ಮ. ಕೈಗೆ ಒಂದು ಖಾಲಿ ಹಾಳೆ. ಮೇಲೆ ಒಂದೇ ಪ್ರಶ್ನೆ: ಏನಾದರೆ ನೀವು ಅಲ್ಲಿಂದ ಹೊರಡುತ್ತೀರಿ?

ಇದಕ್ಕೆ ಅವರು ಎರಡು ಉದಾಹರಣೆ ಕೊಟ್ಟರು, ಎರಡೂ ನಮ್ಮವರದೇ. 2022ರಲ್ಲಿ ಉಕ್ರೇನ್ ರಾಜಧಾನಿ ಕೀವ್‌ನ ಭಾರತದ ರಾಯಭಾರ ಕಚೇರಿ ಫೆಬ್ರವರಿ 15ಕ್ಕೇ ಸಾಧ್ಯವಾದರೆ ಸದ್ಯಕ್ಕೆ ಹೊರಡಿ ಅಂತ, ಅದರಲ್ಲೂ ವಿದ್ಯಾರ್ಥಿಗಳಿಗೆ, ಸೂಚನೆ ಕೊಟ್ಟಿತ್ತು. ಯುದ್ಧ ಶುರುವಾಗಿದ್ದು 24ಕ್ಕೆ, ಆ ದಿನವೇ ವಿಮಾನ ಹಾರಾಟ ಬಂದ್. ನಡುವೆ ಇದ್ದಿದ್ದು ಒಂಬತ್ತು ದಿನ. ಮಾರ್ಚ್ 1ರಂದು ಹಾರ್ಕಿವ್‌ನಲ್ಲಿ ನಮ್ಮ ಹಾವೇರಿ ಜಿಲ್ಲೆಯ ಹುಡುಗ, ವೈದ್ಯಕೀಯ ಓದುತ್ತಿದ್ದವನು, ಸಾಮಾನು ತರಲು ಹೊರಗೆ ಹೋಗಿದ್ದಾಗ ದಾಳಿಗೆ ಸಿಕ್ಕಿ ತೀರಿಕೊಂಡ. ಆ ಮಕ್ಕಳದ್ದು ತಪ್ಪು ಅಂತ ಯಾರೂ ಹೇಳಬಾರದು. ಹಾಜರಿ ಹೋಗುತ್ತೆ, ಪರೀಕ್ಷೆ ಇದೆ, ಟಿಕೆಟ್ ದುಬಾರಿ, ಅಪ್ಪ ಸಾಲ ಮಾಡಿ ಕಳಿಸಿದ್ದಾನೆ, ಇಷ್ಟೆಲ್ಲ ತಲೆಯಲ್ಲಿ ಇಟ್ಟುಕೊಂಡು ಇಪ್ಪತ್ತು ವರ್ಷದ ಹುಡುಗ ಒಬ್ಬನೇ ಹಾಸ್ಟೆಲ್ ರೂಮಲ್ಲಿ ಕೂತು ತೀರ್ಮಾನ ಮಾಡಬೇಕು ಅಂದರೆ ಹೇಗೆ ಮಾಡುತ್ತಾನೆ? ಆ ತೀರ್ಮಾನ ಹೊರಡುವ ಮೊದಲು, ಮನೆಯಲ್ಲಿ, ಎಲ್ಲರೂ ಸೇರಿ ಮಾಡಿರಬೇಕಿತ್ತು. ಮನೆಯವರು ಕೂತು ಆ ಮಾತು ಆಡಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ ಅನ್ನುವುದೇ ಸಂಕಟ.

ಇನ್ನೊಂದು 2023ರ ಸುಡಾನ್. ಏಪ್ರಿಲ್ 15ಕ್ಕೆ ರಾಜಧಾನಿ ಖಾರ್ಟೂಮ್‌ನಲ್ಲಿ ಕಾಳಗ ಶುರುವಾಯಿತು, ಮೊದಲ ದಿನವೇ ವಿಮಾನ ನಿಲ್ದಾಣ ರಣರಂಗ ಆಯಿತು. ನಮ್ಮ ಹಕ್ಕಿಪಿಕ್ಕಿ ಜನ, ಗಿಡಮೂಲಿಕೆ ಔಷಧ ಮಾರಲು ಹೋದವರು, ಎಲ್ ಫಾಶರ್‌ನಲ್ಲಿ ಅನ್ನ ನೀರಿಗೆ ಕಷ್ಟಪಟ್ಟುಕೊಂಡು ಸಿಕ್ಕಿಹಾಕಿಕೊಂಡರು. ಆಮೇಲೆ ನಮ್ಮವರನ್ನು ಕರೆತರಲು ಸರ್ಕಾರದ ಆಪರೇಷನ್ ಕಾವೇರಿ ನಡೆದು ಸುಮಾರು 3,800 ಜನ ವಾಪಸ್ ಬಂದರು. ಹೆಚ್ಚಿನವರನ್ನು ಪೋರ್ಟ್ ಸುಡಾನ್‌ನಿಂದ ಹಡಗು, ವಿಮಾನದಲ್ಲಿ ಸೌದಿಯ ಜೆಡ್ಡಾಗೆ ದಾಟಿಸಿ ಕರೆತಂದರು. ಆದರೆ ಆ ಬಂದರಿನವರೆಗೆ ಬಸ್ಸಿನಲ್ಲಿ ಬರಬೇಕಿತ್ತು, ಖಾರ್ಟೂಮ್‌ನಿಂದಲೇ ಅದು 800 ಕಿಲೋಮೀಟರಿಗೂ ಜಾಸ್ತಿ. ಡೀಸೆಲ್ ಸಿಗಬೇಕು, ಬಸ್ಸಿನವನು ಒಪ್ಪಬೇಕು, ಕೈಯಲ್ಲಿ ನಗದು ಇರಬೇಕು. ಅದಕ್ಕೇ ವಿಮಾನ ನಿಲ್ದಾಣ ಮುಚ್ಚಿದರೆ ಎರಡನೇ ದಾರಿ ಯಾವುದು ಅಂತ ಹಾಳೆಯ ಮೇಲೆ ಬರೆಸಿದರು. ಡಾಲರ್ ನೋಟು ಹೊಸದಾಗಿರಬೇಕು, ಹರಿದಿರಬಾರದು, ಗೀಚಿರಬಾರದು ಅಂತಲೂ ಹೇಳಿದರು. ಇದು ನಿಜ. ಆಫ್ರಿಕಾದ ಎಷ್ಟೋ ಕಡೆ ಹಳೆಯ ನೂರು ಡಾಲರ್ ನೋಟು ತೆಗೆದುಕೊಳ್ಳುವುದೇ ಇಲ್ಲ, 2013ರಲ್ಲಿ ಬಂದ ನೀಲಿ ಪಟ್ಟಿಯ ನೋಟೇ ಬೇಕು ಅನ್ನುತ್ತಾರೆ.

ನಾನೂ ತಮ್ಮನೂ ಆ ಹಾಳೆಯ ಮೇಲೆ ಚೆನ್ನಾಗಿಯೇ ಜಗಳ ಆಡಿದೆವು. ನಾನು ಬರೆದೆ: ರಾಯಭಾರ ಕಚೇರಿ ಹೊರಡಿ ಅಂದರೆ ಹೊರಡುತ್ತೇನೆ. ಅವನು ಬಿಡಲಿಲ್ಲ. "ಅಕ್ಕಾ, ಅವರು ಹೇಳೋ ಹೊತ್ತಿಗೆ ಟಿಕೆಟ್ ಇರಲ್ಲ. ವಿಮಾನ ಕಂಪನಿಗಳು ಒಂದೊಂದಾಗಿ ಬರೋದು ನಿಲ್ಲಿಸಿದ ದಿನವೇ ಹೊರಡು. ಮೊಬೈಲ್ ನೆಟ್ ಎರಡು ದಿನ ಬಂದ್ ಆದ್ರೂ ಹೊರಡು." ಬಾಸ್ ಬೇಡ ಅಂದರೆ ಏನು ಮಾಡಲಿ ಕಣೋ ಅಂದೆ. ತರಬೇತಿ ಕೊಡುವವರು ಅಲ್ಲೇ ಇದ್ದರು. ಹಾಗಾದರೆ ಈ ಹಾಳೆಯನ್ನು ಹೊರಡುವ ಮೊದಲೇ ಕಂಪನಿಗೂ ಕೊಟ್ಟು ಸಹಿ ಹಾಕಿಸಿಕೊಳ್ಳಿ ಅಂದರು. ಅಷ್ಟು ಸರಳ ಮಾತು. ನಮ್ಮ ಆಫೀಸಿನಲ್ಲಿ ಈಗ ಹೊರಗೆ ಹೋಗುವ ಪ್ರತಿಯೊಬ್ಬರಿಗೂ ಇಂಥ ಹಾಳೆ ಮಾಡಿಸಬೇಕು ಅಂತ ನಾನು ಹಿಂದೆ ಬಿದ್ದಿದ್ದೇನೆ.

ಆ ಹಾಳೆಯಲ್ಲಿ ಇನ್ನೂ ಒಂದಿಷ್ಟು ಇರುತ್ತವೆ. ದಿನಕ್ಕೆ ಯಾವ ಹೊತ್ತಿಗೆ ಮೆಸೇಜ್ ಬರಬೇಕು, ಬರದಿದ್ದರೆ ಎಷ್ಟು ಗಂಟೆ ಕಾಯಬೇಕು, ಆಮೇಲೆ ಯಾರಿಗೆ ಮೊದಲ ಫೋನ್. ಪಾಸ್‌ಪೋರ್ಟ್, ವೀಸಾ, ವಿಮೆ, ರಕ್ತದ ಗುಂಪು ಎಲ್ಲದರ ಪ್ರತಿ ಮನೆಯಲ್ಲಿ ಎಲ್ಲಿದೆ. ಅಲ್ಲಿನ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿದ್ದೀರಾ. ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ಮನೆಯವರು ದೂರು ಹಾಕುವುದು ಹೇಗೆ ಅಂತ ಫೋನಿನಲ್ಲೇ ತೋರಿಸಿಕೊಟ್ಟರು. ಇನ್ನೊಂದು, ನಿಮಗಿಬ್ಬರಿಗೆ ಮಾತ್ರ ಗೊತ್ತಿರುವ ಒಂದು ಪ್ರಶ್ನೆ. ಯಾರಾದರೂ ಫೋನ್ ಮಾಡಿ ನಿಮ್ಮ ಅಕ್ಕ ನಮ್ಮ ಹತ್ತಿರ ಇದ್ದಾಳೆ ಅಂದರೆ ಆ ಪ್ರಶ್ನೆ ಕೇಳಬೇಕು. ಉತ್ತರ ಫೇಸ್‌ಬುಕ್ಕಿನಲ್ಲಿ ಸಿಗುವ ಹಾಗಿರಬಾರದು, ಹುಟ್ಟಿದ ಊರು, ಶಾಲೆ ಹೆಸರು ಎಲ್ಲ ಬೇಡ. ಬೆದರಿಕೆಯಲ್ಲಿ ಮಾತಾಡುತ್ತಿದ್ದೇನೆ ಅಂತ ತಿಳಿಸಲು ಒಂದು ಗುಟ್ಟಿನ ಮಾತೂ ಇಟ್ಟುಕೊಳ್ಳಬೇಕು. ಒಂದು ಜೋಡಿ ಬಹಳ ಚೆನ್ನಾಗಿ ಯೋಚಿಸಿತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ.

ಅಪ್ಪ ಮಗಳ ಜೋಡಿಯಲ್ಲಿ ಅಪ್ಪನಿಗೆ ಅರವತ್ತು ದಾಟಿರಬೇಕು. ಬೆಳಿಗ್ಗೆಯಿಂದ ಸುಮ್ನೆ ಕೂತಿದ್ದರು. ಈ ತರಗತಿಯಲ್ಲಿ ಮಾತ್ರ ಅವರು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದರು. ಮಗಳು ಹೋದಮೇಲೆ ತಾನು ಏನು ಮಾಡಬೇಕು ಅಂತ ಅವರಿಗೆ ಹೇಳಿಕೊಟ್ಟಿದ್ದು ಅದೇ ಮೊದಲು. ಟಿವಿ ಮುಂದೆ ಕೂತು ಬೇಯುವ ಬದಲು ಮಾಡುವುದಕ್ಕೆ ಏನಾದರೂ ಇದೆ ಅಂತ ಗೊತ್ತಾದಾಗ ಅವರ ಮುಖ ನೋಡಬೇಕಿತ್ತು.

ಸ್ಯಾಟಲೈಟ್ ಫೋನ್ ಬಗ್ಗೆ ಒಂದು ಎಚ್ಚರಿಕೆ, ಇದನ್ನು ತರಗತಿಯಲ್ಲಿ ಒತ್ತಿ ಹೇಳಿದ್ದು ಒಳ್ಳೆಯದಾಯಿತು. ತುರಾಯಾ, ಇರಿಡಿಯಂ ಥರದ ಫೋನ್, ಚಾರಣದವರು ಇಟ್ಟುಕೊಳ್ಳುವ ಸ್ಯಾಟಲೈಟ್ ಮೆಸೇಜ್ ಯಂತ್ರ, ಇವನ್ನು ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಭಾರತದಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಇಂಥ ಯಂತ್ರ ಬ್ಯಾಗಿನಲ್ಲಿಟ್ಟುಕೊಂಡು ಬಂದ ವಿದೇಶಿ ಪ್ರವಾಸಿಗರ ಮೇಲೆ ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೇಸ್ ಆಗಿದೆ. ಹಾಗಾಗಿ ಇಲ್ಲಿಂದ ತೆಗೆದುಕೊಂಡು ಹೋಗಬೇಡಿ, ಹೋದ ದೇಶದ ಕಾನೂನು ನೋಡಿಕೊಂಡು ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳಿ, ವಾಪಸ್ ಬರುವಾಗ ಅಲ್ಲೇ ಕೊಟ್ಟು ಬನ್ನಿ.

ವಿಮೆಯ ಪಾಠವೂ ಚೆನ್ನಾಗಿತ್ತು. ಎಲ್ಲರ ಪಾಲಿಸಿ ತರಿಸಿ ಓದಿಸಿದರು. ಸಾಮಾನ್ಯ ಪ್ರಯಾಣ ವಿಮೆಯಲ್ಲಿ ಯುದ್ಧದಿಂದಾದ ನಷ್ಟಕ್ಕೆ ಹಣ ಬರುವುದಿಲ್ಲ ಅನ್ನುವ ಷರತ್ತು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಸರ್ಕಾರ ಹೋಗಬೇಡಿ ಅಂದ ದೇಶಕ್ಕೆ ಹೋದರೂ ಎಷ್ಟೋ ಪಾಲಿಸಿ ಕೈಬಿಡುತ್ತವೆ. ಕಂಪನಿ ಕಳಿಸುತ್ತಿದ್ದರೆ ಯುದ್ಧವೂ ಸೇರಿದ, ಗಾಯಾಳುವನ್ನು ಬೇರೆ ದೇಶಕ್ಕೆ ಸಾಗಿಸುವ ಖರ್ಚೂ ಸೇರಿದ ಪಾಲಿಸಿ ಕೇಳಿ, ಬರವಣಿಗೆಯಲ್ಲಿ ಕೇಳಿ.

ಆರೋಗ್ಯದ ವಿಷಯಕ್ಕೆ ಎರಡು ಪುಟದ ಹಾಳೆ ಕೊಟ್ಟರು, ಸಾಕು. ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಹತ್ತು ದಿನದ ಮೇಲೆ ಅದರ ಕಾರ್ಡ್ ಊರ್ಜಿತ, 2016ರಿಂದ ಅದು ಜೀವನಪೂರ್ತಿಗೆ ನಡೆಯುತ್ತದೆ. ಮಲೇರಿಯಾ ಮಾತ್ರೆ ಯಾವುದು ಅಂತ ಡಾಕ್ಟರನ್ನೇ ಕೇಳಿ.

ಈಗ ತಕರಾರು. ರಸ್ತೆ ಅಪಘಾತಕ್ಕೆ ಇವರು ಕೊಟ್ಟ ಸಮಯ ಏನೇನೂ ಸಾಲದು. 2021ರಲ್ಲಿ ಜಗತ್ತಿನಲ್ಲಿ ಸುಮಾರು 11.9 ಲಕ್ಷ ಜನ ರಸ್ತೆಯಲ್ಲಿ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ, ಜನಸಂಖ್ಯೆಗೆ ಹೋಲಿಸಿದರೆ ಆಫ್ರಿಕಾದಲ್ಲೇ ಜಾಸ್ತಿ. ಪರದೇಶದಲ್ಲಿ ನಮ್ಮಂಥ ಆರೋಗ್ಯವಂತರನ್ನು ಕೊಲ್ಲುವುದರಲ್ಲಿ ಗುಂಡಿಗಿಂತ ಗಾಡಿಯೇ ಮುಂದೆ. ಹಿಂದಿನ ಸೀಟಿನಲ್ಲೂ ಬೆಲ್ಟ್ ಹಾಕಬೇಕು, ಕತ್ತಲಾದ ಮೇಲೆ ಊರಿಂದ ಊರಿಗೆ ಹೋಗಬಾರದು, ನಿದ್ದೆಗೆಟ್ಟ ಡ್ರೈವರ್ ಬಂದರೆ ವಾಪಸ್ ಕಳಿಸುವ ಧೈರ್ಯ ಬೇಕು. ಇದನ್ನೂ ಚೆಕ್‌ಪೋಸ್ಟಿನ ಹಾಗೆ ನಟಿಸಿ ಕಲಿಸಬೇಕಿತ್ತು. ಮುಸುಕು ಹಾಕಿ ಕೂರಿಸುವ ಹೊತ್ತಲ್ಲಿ ಅರ್ಧ ಇದಕ್ಕೆ ಕೊಡಿ.

ಹೆಂಗಸರ ಸುರಕ್ಷತೆಯ ಭಾಗ ತೀರಾ ಚಿಕ್ಕದು, ಅದನ್ನು ಹೇಳಿಕೊಟ್ಟವರು ಗಂಡಸರು. ಹೋಟೆಲಿನಲ್ಲಿ ಎರಡರಿಂದ ಆರನೇ ಮಹಡಿಯೊಳಗೆ ರೂಮ್ ಕೇಳಿ, ಕೌಂಟರಿನಲ್ಲಿ ರೂಮ್ ನಂಬರ್ ಜೋರಾಗಿ ಹೇಳಿಬಿಟ್ಟರೆ ಬೇರೆ ರೂಮ್ ಕೇಳಿ, ಬಾಗಿಲ ಕೆಳಗೆ ಸಿಕ್ಕಿಸುವ ರಬ್ಬರ್ ಬೆಣೆ ಜೊತೆಗಿರಲಿ, ಇವೆಲ್ಲ ಸರಿ. ಆದರೆ ಒಬ್ಬಳೇ ಸೈಟಿನಲ್ಲಿ ಇರುವಾಗ ಡ್ರೈವರೇ ತೊಂದರೆ ಕೊಟ್ಟರೆ ಏನು, ಅಲ್ಲಿನ ಪೊಲೀಸರ ಹತ್ತಿರ ಹೋಗಬಹುದಾ ಹೋಗಬಾರದಾ, ಇಂಥ ಪ್ರಶ್ನೆಗೆ ಅವರ ಹತ್ತಿರ ಉತ್ತರ ಇರಲಿಲ್ಲ. ಹೊರಗೆ ಕೆಲಸ ಮಾಡಿ ಬಂದ ನರ್ಸುಗಳು, ಪತ್ರಕರ್ತೆಯರು ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಒಬ್ಬರನ್ನು ಕರೆಸಿ.

ನನಗೆ ಎಲ್ಲಕ್ಕಿಂತ ಜಾಸ್ತಿ ಚುಚ್ಚಿದ್ದು ಭಾಷೆ ಮತ್ತು ಬೆಲೆ. ಪಾಠ ಪೂರ್ತಿ ಇಂಗ್ಲಿಷಿನಲ್ಲಿ. ಆ ಅರವತ್ತು ದಾಟಿದ ಅಪ್ಪನಿಗೆ ಮಗಳೇ ಪಿಸುಮಾತಿನಲ್ಲಿ ಕನ್ನಡದಲ್ಲಿ ಹೇಳುತ್ತಿದ್ದಳು. ಕರ್ನಾಟಕದಿಂದ ಅಪಾಯದ ದೇಶಗಳಿಗೆ ಹೋಗುವವರೆಲ್ಲ ಕಂಪನಿ ಖರ್ಚಿನಲ್ಲಿ ಹೋಗುವವರಲ್ಲ. ವೆಲ್ಡರ್‌ಗಳು, ಡ್ರೈವರ್‌ಗಳು, ಅಡುಗೆಯವರು, ನರ್ಸುಗಳು, ಹಕ್ಕಿಪಿಕ್ಕಿ ಜನ ಹೋಗುತ್ತಾರೆ. ಇವರಿಗೆ 18,000 ಅಂದರೆ ಮನೆಯಲ್ಲಿ ತಿಂಗಳ ಊಟ. ಇವರಿಗೇ ಈ ಹಾಳೆ ಎಲ್ಲರಿಗಿಂತ ಮೊದಲು ಬೇಕು. ನಾನು ಇದನ್ನು ತರಬೇತಿ ಮುಗಿದ ಮೇಲೆ ಅವರಿಗೇ ಹೇಳಿದೆ. ಮನೆಯವರ ತರಗತಿಯನ್ನಾದರೂ ಬೇರೆ ಮಾಡಿ, ಕನ್ನಡದಲ್ಲಿ, ಒಂದು ಭಾನುವಾರ, ಕೈಗೆಟಕುವ ಬೆಲೆಗೆ ಇಡಿ, ಅನುವಾದಕ್ಕೆ ನಾನೇ ಬಂದು ನಿಲ್ಲುತ್ತೇನೆ ಅಂದೆ. ಯೋಚಿಸುತ್ತೇವೆ ಅಂದಿದ್ದಾರೆ. ನಾನು ಬಿಡುವುದಿಲ್ಲ.

ತರಗತಿಯಲ್ಲಿ ಬರದ ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗ ಆಗಲಿ. ಹತ್ತನೇ ತರಗತಿ ಮುಗಿಸದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಇಸಿಆರ್ (ವಲಸೆ ತಪಾಸಣೆ ಬೇಕು) ಅಂತ ಇರುತ್ತದೆ. ಅವರು ಇರಾಕ್, ಲಿಬಿಯಾ, ಸುಡಾನ್, ಯೆಮನ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ವಲಸೆ ಅನುಮತಿ ಬೇಕು. ಆ ದಾರಿಯಲ್ಲೇ ಹೋದರೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಸಿಗುತ್ತದೆ, ಎರಡು ವರ್ಷಕ್ಕೆ 275 ರೂಪಾಯಿ ಕಂತು, ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತ ಅಂಗವಿಕಲರಾದರೆ 10 ಲಕ್ಷ. ಏಜೆಂಟ್ ವಿಸಿಟ್ ವೀಸಾದಲ್ಲಿ ಹೋಗಿ, ಆಮೇಲೆ ಸರಿ ಮಾಡ್ತೀನಿ ಅಂದರೆ ಒಪ್ಪಬೇಡಿ. ಹಾಗೆ ಹೋದವರಿಗೆ ಈ ವಿಮೆಯೂ ಇಲ್ಲ, ನೀವು ಅಲ್ಲಿದ್ದೀರಿ ಅಂತ ಲೆಕ್ಕವೂ ಇರುವುದಿಲ್ಲ.

ಒಟ್ಟು ಐದಕ್ಕೆ ನಾಲ್ಕು ಕೊಡುತ್ತೇನೆ. ಹೋಗುವವರು ನಿಮ್ಮ ವಿಮೆ ಪಾಲಿಸಿಯ ಪೂರ್ತಿ ಪ್ರತಿ ಪ್ರಿಂಟ್ ತೆಗೆದುಕೊಂಡು ಹೋಗಿ, ಫೋನಿನಲ್ಲಿ ಓದಲು ಆಗುವುದಿಲ್ಲ. ತೋಟದಲ್ಲಿ ಮಣ್ಣಿನಲ್ಲಿ ಹೊರಳಬೇಕು, ಕೆಂಪು ನೀರಿನ ಕಲೆ ಬೇರೆ ಹೋಗಲ್ಲ, ಹಳೇ ಬಟ್ಟೆ, ಶೂ ಹಾಕಿಕೊಳ್ಳಿ. ಮನೆಯವರು ಬೆಳಿಗ್ಗೆಯಿಂದ ಇರಬೇಕಾಗಿಲ್ಲ, ಮಧ್ಯಾಹ್ನ ಊಟದ ಹೊತ್ತಿಗೆ ಬಂದರೆ ಸಾಕು. ಟಿಟಿ ಅವರಿಗಾಗಿ ಇನ್ನೊಂದು ಸಲ ಮೆಟ್ರೊ ನಿಲ್ದಾಣಕ್ಕೆ ಬರುತ್ತದೆ, ಹಿಂದಿನ ದಿನವೇ ಫೋನ್ ಮಾಡಿ ಹೇಳಿರಬೇಕು.